ಬೀಗ ಬಿದ್ದ ಮನೆಯ ಲೆಕ್ಕ
(ಹೂವಿನ ಹಿಪ್ಪರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಅಂಕಿಸಂಖ್ಯೆಯ ಮೇಲೆ ಉಪನ್ಯಾಸವೆಂದರೆ ಅರ್ಧ ಸಭೆ ನಡುವೆಯೇ ಎದ್ದು ಹೋಗುವುದು ವಾಡಿಕೆ. ನಾನು ಇವತ್ತು ಮಾತಾಡುವುದೂ ಹಾಗೆ ನಡುವೆ ಎದ್ದು ಹೋಗುವವರ ಬಗ್ಗೆಯೇ. ಅದೇ ಮನೆಗಳಿಗೆ ವರ್ಷಾನುಗಟ್ಟಲೆ ಹೋಗಿ, ಅದೇ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳುವ ಸಮೀಕ್ಷೆಗಳಿವೆ. ಅವುಗಳಲ್ಲಿ ಜನ ಯಾಕೆ ಉಳಿಯುತ್ತಾರೆ, ಯಾಕೆ ಬಿಡುತ್ತಾರೆ, ಬಿಟ್ಟರೆ ಏನು ಕೆಡುತ್ತದೆ ಎಂಬುದು ವಿಷಯ.

ಇದನ್ನು ಹೇಳಲು ನಾನು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಬಹಳ ದೂರವಿಲ್ಲದ ಮಾರ್ಕಬ್ಬಿನಹಳ್ಳಿ ಮತ್ತು ಇಂಡಿ ಕಡೆಯ ಕಪನಿಂಬರಗಿಯ ಹೆಸರುಗಳನ್ನು ಕೃಷಿ ಅರ್ಥಶಾಸ್ತ್ರ ಓದಿದ ವಿದೇಶಿಯರೂ ಬಲ್ಲರು ಎಂದರೆ ನಿಮ್ಮಲ್ಲಿ ಹಲವರಿಗೆ ನಗು ಬಂದೀತು. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ 1972ರಲ್ಲಿ ಹುಟ್ಟಿದ ಇಕ್ರಿಸ್ಯಾಟ್ ಸಂಸ್ಥೆಯನ್ನು ನಮ್ಮ ರೈತರು ತೊಗರಿ, ಜೋಳದ ತಳಿಗಳಿಂದ ಬಲ್ಲರು. ಅದೇ ಸಂಸ್ಥೆ 1975ರಲ್ಲಿ ಆರು ಹಳ್ಳಿಗಳನ್ನು ಆರಿಸಿಕೊಂಡು ಮನೆಮನೆಯ ಬದುಕನ್ನು ಬರೆದಿಡತೊಡಗಿತು. ಎರಡು ಆಗಿನ ಮೆಹಬೂಬನಗರ ಜಿಲ್ಲೆಯವು, ಎರಡು ಅಕೋಲಾದವು, ಎರಡು ನಮ್ಮ ನೆರೆಯ ಸೊಲ್ಲಾಪುರದವು. ಸೊಲ್ಲಾಪುರದ ಶಿರಾಪುರ, ಕಲ್ಮನ್ ಊರುಗಳ ಎರೆಭೂಮಿಗೂ ನಮ್ಮ ಎರೆಭೂಮಿಗೂ ಏನು ವ್ಯತ್ಯಾಸ? ಅಲ್ಲಿಯೂ ಹಿಂಗಾರಿ ಬಿಳಿಜೋಳ, ಅಲ್ಲಿಯೂ ಮುಗಿಲು ನೋಡುವ ಬಾಳು. 2009ರಲ್ಲಿ ಕೆಲಸ ವಿಸ್ತಾರವಾಗಿ ಭಾರತದ 30, ಬಾಂಗ್ಲಾದೇಶದ 12 ಹಳ್ಳಿಗಳಿಗೆ ಹರಡಿತು. ಕರ್ನಾಟಕದ ಪಾಲಿಗೆ ತುಮಕೂರು ಜಿಲ್ಲೆಯ ಎರಡು ಊರುಗಳ ಜೊತೆ ನಮ್ಮ ಜಿಲ್ಲೆಯ ಮಾರ್ಕಬ್ಬಿನಹಳ್ಳಿ, ಕಪನಿಂಬರಗಿ ಬಂದವು.

1975ರ ವ್ಯವಸ್ಥೆ ಸರಳವಾಗಿತ್ತು. ಪ್ರತಿ ಊರಿನಲ್ಲಿ 40 ಮನೆ: ಹೊಲವಿಲ್ಲದ ಕೂಲಿಯವರು 10, ಸಣ್ಣ ಹಿಡುವಳಿಯವರು 10, ಮಧ್ಯಮದವರು 10, ದೊಡ್ಡವರು 10. ಅದರಲ್ಲಿ ಜಾಣತನ ಕಾಣುವುದು ಕೇಳುವವರ ಆಯ್ಕೆಯಲ್ಲಿ. ಹಳ್ಳಿಯಿಂದಲೇ ಬಂದ, ಆ ಭಾಷೆ ಬಲ್ಲ ಪದವೀಧರರನ್ನು ನೇಮಿಸಿ, ಅವರನ್ನು ಅದೇ ಊರಿನಲ್ಲಿ ವಾಸಕ್ಕಿಟ್ಟರು. ಮೂರು ನಾಲ್ಕು ವಾರಕ್ಕೊಮ್ಮೆ ಅವರು ಪ್ರತಿ ಮನೆಗೂ ಹೋಗುತ್ತಿದ್ದರು: ಎಷ್ಟು ಬಿತ್ತಿದಿರಿ, ಎಷ್ಟು ಆಳು ಹಚ್ಚಿದಿರಿ, ಯಾರ ಹತ್ತಿರ ಕೈಗಡ ತಂದಿರಿ, ಏನು ಉಂಡಿರಿ. ಜೀಪಿನಲ್ಲಿ ಬಂದು ಜೀಪಿನಲ್ಲಿ ಹೋಗುವವರಿಗೆ ಸಿಗುವ ಉತ್ತರ ಬೇರೆ. ಊರಲ್ಲೇ ಉಂಡು ಮಲಗಿ, ಮದುವೆಗೂ ಮಣ್ಣಿಗೂ ಬರುವವರಿಗೆ ಸಿಗುವ ಉತ್ತರ ಬೇರೆ. ಅವರಿಗೆ ಸುಳ್ಳು ಹೇಳುವುದು ಕಷ್ಟ, ಏಕೆಂದರೆ ನಿಮ್ಮ ಹಿತ್ತಲಲ್ಲಿ ಎಷ್ಟು ಎಮ್ಮೆಗಳಿವೆ ಎಂಬುದು ಅವರಿಗೆ ಗೊತ್ತು.

ಎಮ್ಮೆಯ ಮಾತು ಬಂತು, ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಬೇಸಗೆ ರಜೆಯಲ್ಲಿ ನಾನೂ ಇಂಥ ಬೇರೊಂದು ಸಮೀಕ್ಷೆಯ ಕಾಗದ ಹಿಡಿದು ತಿರುಗಿದವನು. ಒಂದು ಮನೆಯಲ್ಲಿ ಮೊದಲ ವರ್ಷ ಆ ತಾಯಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಎಮ್ಮೆ ಇದೆ ಎಂದೊಡನೆ ನನ್ನ ಕಾಗದದಲ್ಲಿ ಹದಿನೈದು ಪ್ರಶ್ನೆ ತೆರೆದುಕೊಂಡವು: ಹಾಲೆಷ್ಟು, ಹಿಂಡಿಯೆಷ್ಟು, ಮೇವು ಕೊಂಡದ್ದೋ ಹೊಲದ್ದೋ. ಮರುವರ್ಷ ಹೋದಾಗ “ಎಮ್ಮಿ ಐತೇನ್ರಿ ಯವ್ವಾ?” ಅಂದೆ. “ಇಲ್ರಿ” ಅಂದಳು. ಹಿಂದಿನ ಗ್ವಾದಲಿಯಿಂದ ಎಮ್ಮೆ ಒದರಿತು. ಅವಳು ನಕ್ಕಳು, ನಾನೂ ನಕ್ಕೆ. “ಹ್ವಾದ ವರ್ಸ ಹೇಳಿದ್ದು ನಿಮ್ಮ ಪುಸ್ತಕದಾಗ ಐತೆಲ್ರಿ, ಅದನ್ನ ನೋಡಿ ಬರಕೋರಿ. ರೊಟ್ಟಿ ಬಡೀಬೇಕು ನಾ” ಅಂದಳು. ಮನೆ ಸಮೀಕ್ಷೆಯಲ್ಲಿ ಉಳಿದಿತ್ತು, ಉತ್ತರ ಬಿಟ್ಟುಹೋಗಿತ್ತು. ಜನ ಬಾಗಿಲು ಹಾಕಿಕೊಂಡರೆ ನಮಗೆ ಗೊತ್ತಾಗುತ್ತದೆ. ಬಾಗಿಲು ತೆರೆದಿಟ್ಟೇ ಹೊರಗುಳಿದರೆ ಯಾವ ತಃಖ್ತೆಯಲ್ಲಿಯೂ ಅದು ಕಾಣಿಸುವುದಿಲ್ಲ. ಪ್ರಶ್ನೆ ಎಷ್ಟಿರಬೇಕು, ಯಾವ ಹೊತ್ತಿಗೆ ಕೇಳಬೇಕು ಎಂಬುದನ್ನು ಪಟ್ಟಣದಲ್ಲಿ ಕೂತು ನಿರ್ಧರಿಸುವವರು ರೊಟ್ಟಿ ಬಡಿಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಜೋಳದ ರಾಶಿಯ ದಿನ ಕಣದಲ್ಲಿ ನಿಂತವನನ್ನು ನೂರು ಪ್ರಶ್ನೆ ಕೇಳಿದರೆ ಅವನು ಬೈಯದಿರುವುದು ಅವನ ದೊಡ್ಡತನ.

ಜನ ಬಿಟ್ಟರೆ ಏನು ಕೆಡುತ್ತದೆ? ವಿದ್ಯಾರ್ಥಿಗಳು ಸ್ವಲ್ಪ ಮನಸ್ಸಿಟ್ಟು ಕೇಳಬೇಕು. ಒಂದು ಊರಿನ 40 ಮನೆ ಅಂದುಕೊಳ್ಳಿ. 10 ಕೂಲಿ ಮನೆಗಳ ವರ್ಷದ ದುಡಿಮೆ ತಲಾ 40,000 ರೂಪಾಯಿ, ಉಳಿದ 30 ಮನೆಗಳದು ತಲಾ 1,20,000. ಊರಿನ ಸರಾಸರಿ ಸರಿಯಾಗಿ ಒಂದು ಲಕ್ಷ. ಮರುವರ್ಷ ಯಾರ ದುಡಿಮೆಯೂ ಒಂದು ಪೈಸೆ ಏರಲಿಲ್ಲ. ಆದರೆ ಕೂಲಿಯವರಲ್ಲಿ 4 ಮನೆಗೆ ಬೀಗ ಬಿತ್ತು, ಗುಳೆ ಹೋದರು. ನಮ್ಮ ಸಮೀಕ್ಷೆಯವನು ಬೀಗ ನೋಡಿ ಮುಂದಿನ ಮನೆಗೆ ಹೋದ. ಈಗ 36 ಮನೆಗಳ ಸರಾಸರಿ 1,06,667 ರೂಪಾಯಿ. ಊರು ಉದ್ಧಾರವಾಯಿತು ಎಂದು ವರದಿ ಬರೆಯಬಹುದು! ಬಡವರು ಊರು ಬಿಟ್ಟದ್ದೇ ಊರಿನ ಏಳಿಗೆಯಾಗಿ ಕಾಣುತ್ತದೆ. ನಾಲ್ಕು ಮನೆ ಕಡಿಮೆಯಾದರೆ ನಷ್ಟವೇನು, 36 ಇವೆಯಲ್ಲ ಎನ್ನುವವರಿಗೆ ಇದೇ ಉತ್ತರ. ಎಷ್ಟು ಮನೆ ಹೋದವು ಎಂಬುದಕ್ಕಿಂತ ಯಾವ ಮನೆಗಳು ಹೋದವು ಎಂಬುದು ಮುಖ್ಯ.

ನಮ್ಮ ಭಾಗದಲ್ಲಿ ಬೀಗ ಬೀಳುವ ಮನೆಗಳು ಯಾವುವು ಎಂದು ನಿಮಗೆ ನಾನು ಹೇಳಬೇಕೆ? ದೀಪಾವಳಿ ಮುಗಿಯುತ್ತಲೇ ತಾಂಡಾಗಳಿಂದ ಕಬ್ಬು ಕಡಿಯುವ ಟೋಳಿಗಳು ಮಹಾರಾಷ್ಟ್ರದ ಕಾರ್ಖಾನೆಗಳ ಕಡೆ ಹೊರಡುತ್ತವೆ. ಗೋವಾಕ್ಕೆ, ಪುಣೆಗೆ, ಮಂಗಳೂರಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರ ಮನೆಯಲ್ಲಿ ಮುದುಕರೂ ಸಾಲಿಗೆ ಹೋಗುವ ಹುಡುಗರೂ ಉಳಿಯುತ್ತಾರೆ. ಅವರನ್ನು ಹಿಡಿದಿಡುವ ದಾರಿ ಇಲ್ಲದಿಲ್ಲ. ಫೋನ್ ನಂಬರ್ ಒಂದನ್ನೇ ನಂಬಬಾರದು, ಸಿಮ್ಮು ಬದಲಾಗುತ್ತದೆ. ಟೋಳಿಯ ಮುಕಾದಮ ಯಾರು, ಹೆಂಡತಿಯ ತವರೂರು ಯಾವುದು, ಉದ್ದರಿ ಕೊಡುವ ಕಿರಾಣಿ ಅಂಗಡಿ ಯಾವುದು ಎಂಬ ಮೂರು ಗೊತ್ತಿದ್ದರೆ ಈ ಜಿಲ್ಲೆಯ ಯಾರನ್ನಾದರೂ ಹುಡುಕಬಹುದು. ಕಿರಾಣಿಯವನಿಗಂತೂ ಅವರು ಯಾವ ವಾರ ಬರುತ್ತಾರೆ ಎಂಬುದೂ ಗೊತ್ತಿರುತ್ತದೆ, ಬಾಕಿ ಅವನದಲ್ಲವೆ? ಇಷ್ಟಕ್ಕೂ ಸುಲಭದ ದಾರಿಯೆಂದರೆ ಜಾತ್ರೆಗೆ, ಯುಗಾದಿಗೆ ಅವರು ಊರಿಗೆ ಬಂದಾಗ ಹೋಗುವುದು. ಆದರೆ ನಮ್ಮ ಸಮೀಕ್ಷೆಗಳ ವೇಳಾಪಟ್ಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅನುದಾನ ಖರ್ಚಾಗಬೇಕಲ್ಲ!

ಬೀಗಕ್ಕಿಂತ ಕಠಿಣವಾದದ್ದು ಪಾಲು. ಅಣ್ಣತಮ್ಮಂದಿರು ಬ್ಯಾರೆಯಾದರು, ಒಂದು ಒಲೆ ಎರಡಾಯಿತು. ಇಷ್ಟು ದಿನ ಬರೆದ ಮನೆ ಈಗ ಯಾವುದು? ಹಳೇ ಮನೆಯಲ್ಲಿ ಉಳಿದ ಅಣ್ಣನದೆ, ಹೊಲದಲ್ಲಿ ಪತ್ರಾಸು ಹೊದಿಸಿಕೊಂಡ ತಮ್ಮನದೆ? ಅಣ್ಣನನ್ನೇ ಹಿಡಿದರೆ ಊರಿನ ಹಿಡುವಳಿಗಳು ಒಮ್ಮೆಲೆ ಕುಗ್ಗಿದ್ದರ ಅರ್ಧ ಕತೆ ಮಾತ್ರ ಸಿಗುತ್ತದೆ. ಇಕ್ರಿಸ್ಯಾಟ್‌ನ ಮೊದಲ ಸುತ್ತು ಹತ್ತು ವರ್ಷ ನಡೆದು 1985ರ ಹೊತ್ತಿಗೆ ನಿಂತಿತು. 2001ರಲ್ಲಿ ಮತ್ತೆ ಆ ಊರುಗಳಿಗೆ ಹೋದಾಗ ಹಳೆಯ ಮನೆಗಳಿಂದ ಒಡೆದು ಹೋದ ಮನೆಗಳನ್ನೂ ಸೇರಿಸಿಕೊಂಡರು. ಕೆಲವು ವರ್ಷಗಳ ನಂತರ ಸ್ಟೀಫನ್ ಡೆರ್ಕಾನ್, ಪ್ರಮೀಳಾ ಕೃಷ್ಣನ್ ಮೊದಲಾದವರು ಆರೂ ಊರುಗಳ ಹಳೆಯ ಪಟ್ಟಿಯಲ್ಲಿದ್ದವರನ್ನು, ಊರು ಬಿಟ್ಟವರನ್ನೂ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಬಿಡದೆ, ಹುಡುಕಿಸಿದರು. 1975ರಲ್ಲಿ ಕೂಸಾಗಿದ್ದವರು ಮಕ್ಕಳೊಂದಿಗರಾಗಿ ಸಿಕ್ಕರು.

ಹೆಣ್ಣುಮಕ್ಕಳನ್ನು ಹುಡುಕುವುದು ಯಾಕೆ ಮುಖ್ಯ ಎನ್ನುವುದಕ್ಕೆ ಅದೇ ದಫ್ತರದಿಂದ ಒಂದು ಮಾತು. ಮಾರ್ಕ್ ರೋಸೆನ್‌ಜ್ವೀಗ್, ಓಡೆಡ್ ಸ್ಟಾರ್ಕ್ ಎಂಬ ಇಬ್ಬರು 1989ರಲ್ಲಿ ಈ ಹಳ್ಳಿಗಳ ಲೆಕ್ಕ ಹಿಡಿದು ಒಂದು ಪ್ರಬಂಧ ಬರೆದರು. ಮಳೆ ನೆಚ್ಚಿದ ರೈತರು ಹೆಣ್ಣುಮಕ್ಕಳನ್ನು ದೂರದೂರದ, ಬೇರೆ ಬೇರೆ ಊರುಗಳಿಗೆ ಕೊಡುತ್ತಾರೆ. ಇಲ್ಲಿ ಬರ ಬಿದ್ದ ವರ್ಷ ಅಲ್ಲಿ ಮಳೆಯಾಗಿರಬಹುದು, ಬೀಗರು ಕೈಹಿಡಿಯುತ್ತಾರೆ. ಹಾಗೆ ಕೊಟ್ಟ ಮನೆಗಳಲ್ಲಿ ಕೆಟ್ಟ ವರ್ಷದಲ್ಲಿಯೂ ಉಣ್ಣುವುದು ಅಷ್ಟಾಗಿ ಕುಗ್ಗುವುದಿಲ್ಲ ಎಂದು ಅವರು ತೋರಿಸಿದರು. ನಮ್ಮ ಡೋಣಿ ಹೊಳೆಯ ಸಾಲಿನ ಮುದುಕಿಯರಿಗೆ ಇದು ಹೊಸ ಸುದ್ದಿಯಲ್ಲ, ನಿಜ. ಆದರೆ ಅದನ್ನು ಲೆಕ್ಕದಲ್ಲಿ ತೋರಿಸಬೇಕಾದರೆ ಅವೇ ಮನೆಗಳ ಹತ್ತು ವರ್ಷದ ಮಳೆ, ಬೆಳೆ, ಊಟ ಮೂರೂ ಬೇಕು. ಒಂದು ಸಲ ಬಂದು ಹೋಗುವ ಗಣತಿಗೆ ಇದು ಕಾಣುವಂಥದ್ದಲ್ಲ. 2015ರಲ್ಲಿ ರಾಜ್ಯದ ಜಾತಿ ಗಣತಿಗೆಂದು ನಮ್ಮ ಮಾಸ್ತರರು 55 ಪ್ರಶ್ನೆಗಳ ಫಾರಂ ಹಿಡಿದು ಮನೆಮನೆ ತಿರುಗಿದರಲ್ಲ, ಅದರ ಉಪಯೋಗ ಬೇರೆ.

ಜನರನ್ನು ಉಳಿಸಿಕೊಳ್ಳಲು ಏನಾದರೂ ಕೊಡಬೇಕೆ? ಬ್ರಿಟನ್ನಿನಲ್ಲಿ 1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಕೂಸುಗಳನ್ನು ಆರಿಸಿಕೊಂಡು ಶುರುವಾದ ಅಧ್ಯಯನವೊಂದಿದೆ. 5,362 ಮಕ್ಕಳು. ಅವರಿಗೆ ಹದಿನಾರು ತುಂಬಿದಾಗಿನಿಂದ ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಹೋಗುತ್ತದೆ. ಕಾರ್ಡು ತಿರುಗಿ ಬಂದರೆ ವಿಳಾಸ ಬದಲಾಯಿತೆಂದು ಗೊತ್ತಾಗುತ್ತದೆ, ಜಾಣ ಉಪಾಯ. ನಮ್ಮಲ್ಲಿ ಇದನ್ನು ಮಾಡಹೋದರೆ ಜೂನ್ 1ಕ್ಕೆ ಅಂಚೆಯಣ್ಣ ಚೀಲ ಹೊರಲಾರದೆ ಕೂತುಬಿಡುತ್ತಾನೆ, ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಎಲ್ಲರಿಗೂ ಅದೇ ತಾರೀಖು ಬರೆದಿದ್ದಾರೆ!

ನಮ್ಮ ಮೈಸೂರಿನ ಉದಾಹರಣೆ ಹೆಚ್ಚು ಹತ್ತಿರದ್ದು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಬಸುರಿಯರನ್ನು ಪರೀಕ್ಷಿಸಿ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಹೆರಿಗೆಗೆ ತವರಿಗೆ ಹೋಗುವ ನಮ್ಮ ಪದ್ಧತಿ ಮೊದಲ ಅಡ್ಡಿ. ಬಸುರಿ ಸಿಕ್ಕಿದ್ದು ಒಂದೂರಲ್ಲಿ, ಕೂಸು ಹುಟ್ಟುವುದು ಇನ್ನೊಂದೂರಲ್ಲಿ. ಆದರೂ ಆ ಮಕ್ಕಳಲ್ಲಿ ಬಹುಮಂದಿಯನ್ನು ಇಪ್ಪತ್ತು ದಾಟುವ ತನಕ ಬೆನ್ನು ಹಿಡಿದಿದ್ದಾರೆ. ಗಮನಿಸಿ: ಅಲ್ಲಿ ಪ್ರತಿ ಭೇಟಿಯಲ್ಲೂ ಮಗುವಿನ ತೂಕ, ಎತ್ತರ, ಆರೋಗ್ಯ ನೋಡುತ್ತಿದ್ದರು, ತಾಯಿಗೆ ಕೂಡಲೇ ತಿಳಿಯುತ್ತಿತ್ತು. ನಮ್ಮ ಹೊಲಮನೆಯ ಸಮೀಕ್ಷೆಯಲ್ಲಿ ಕೊಡುವುದಕ್ಕೆ ಅಂಥದ್ದೇನಿದೆ? “ಮನಿ ಮಂಜೂರ ಆಕ್ಕೈತೇನ್ರಿ?” ಎಂದು ಮೊದಲ ದಿನವೇ ಕೇಳುತ್ತಾರೆ. ಇಲ್ಲ ಎಂದು ಅದೇ ದಿನ ಹೇಳಿಬಿಡಬೇಕು. ಹೂಂ ಎಂದು ಸುಮ್ಮನಾದವರು ಎರಡನೆಯ ವರ್ಷ ಆ ಓಣಿಗೆ ಕಾಲಿಡಲಾರರು. ರೇಷನ್ ಕಾರ್ಡು ಹೋದೀತೆಂಬ ಅಂಜಿಕೆ ಇದರ ಮಗ್ಗುಲಲ್ಲೇ ಇರುತ್ತದೆ. ಎಂಟೆಕರೆಯವನು ಮೂರೆಕರೆ ಅನ್ನುವುದು ಅದಕ್ಕೇ.

ನಾನು ಕಂಡಂತೆ ಜನರನ್ನು ಉಳಿಸುವುದು ಕೊಡುಗೆಗಿಂತ ಹೆಚ್ಚಾಗಿ ಬಾಯಿ ಬಿಗಿ. ನನ್ನ ಜೊತೆಗೆ ತಿರುಗುತ್ತಿದ್ದ ಹುಡುಗನನ್ನು ಒಬ್ಬ ಹಿರಿಯ ಗೌಡರು ಒಂದು ಸಂಜೆ ಕಟ್ಟೆಯ ಮೇಲೆ ಕೂಡಿಸಿಕೊಂಡು ಚಹಾ ತರಿಸಿದರು. ತಮ್ಮನ ಜೊತೆ ಪಾಲಾಗಿ ಒಂದು ವರ್ಷವಾಗಿತ್ತು. “ಅಂವ ತೊಗರಿ ಎಷ್ಟ ಚೀಲ ಬಂತಂತ ಬರಸ್ಯಾನ? ಸುಮ್ಮ ಕೇಳತೀನಿ, ತಮ್ಮಾ” ಅಂದರು. “ಅದನ್ನ ಹೇಳಂಗಿಲ್ರಿ, ಕಾಕಾ” ಅಂದ ಹುಡುಗ. ಗೌಡರ ಮುಖ ಬಿಗಿಯಿತು, “ಹಂಗಾರ ನಾಳಿಂದ ನಮ್ಮನಿಗೂ ಬರಬ್ಯಾಡ” ಅಂದರು. ಅವನು ಚಹಾ ಕುಡಿದು ಎದ್ದ. ವಾರವೊಪ್ಪತ್ತಿನಲ್ಲಿ ಗೌಡರೇ ಹೇಳಿಕಳಿಸಿದರು. ಆ ವರ್ಷ ಅವರು ಬರೆಸಿದ ಸಾಲದ ಲೆಕ್ಕದಲ್ಲಿ ಹಿಂದೆಂದೂ ಬಾಯಿಬಿಡದ ಎರಡು ಸಾಲಗಳಿದ್ದವು. ತಮ್ಮನ ಗುಟ್ಟು ಬಿಡದವನು ತನ್ನದನ್ನೂ ಬಿಡುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು. ಯಾವ ಕೈಪಿಡಿಯ ನಿಯಮಕ್ಕಿಂತ ಆ ಒಂದು ಚಹಾದ ಕಪ್ಪು ನಮಗೆ ಹೆಚ್ಚು ಕೆಲಸ ಮಾಡಿಕೊಟ್ಟಿತು.

ರೊಕ್ಕದ ವಿಷಯದಲ್ಲಿಯೂ ನಂಬಿಕೆ ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತದೆ. ಹಾನ್ಸ್ ಬಿನ್ಸ್‌ವಾಂಗರ್ 1970ರ ದಶಕದಲ್ಲಿ ಇಕ್ರಿಸ್ಯಾಟ್ ಹಳ್ಳಿಗಳಲ್ಲಿ ರೈತರ ಎದೆಗಾರಿಕೆ ಅಳೆಯಲು ನಿಜವಾದ ರೊಕ್ಕ ಇಟ್ಟು ಆಟ ಆಡಿಸಿದ. ಆರಂಭ ಎಂಟಾಣೆಯ ಆಟದಿಂದ. ವಾರಗಳು ಕಳೆದಂತೆ ಪಣ ಏರಿ, ಕೊನೆಗೆ ಗೆದ್ದರೆ ಕೂಲಿಯವರ ತಿಂಗಳ ಗಳಿಕೆ ಮೀರುವಷ್ಟು ಕೈಗೆ ಬರುತ್ತಿತ್ತು. ಎಂಟಾಣೆ ಕೈಗೆ ಬಂದದ್ದನ್ನು ಕಂಡವರಿಗೆ ಮುಂದಿನದೂ ಬರುತ್ತದೆಂಬ ಧೈರ್ಯ.

ಇಷ್ಟೆಲ್ಲ ಹೇಳಿಯೂ ನನ್ನ ನಿಜವಾದ ತಕರಾರು ಬೇರೆ ಇದೆ. ಉತ್ತರ ಕೊಡುವವರನ್ನು ಹೇಗೆ ಉಳಿಸಿಕೊಳ್ಳುವುದು ಎಂದು ವಿಚಾರಸಂಕಿರಣಗಳಲ್ಲಿ ಚರ್ಚೆಯಾಗುತ್ತದೆ. ಆದರೆ ಬಿಟ್ಟುಹೋಗುವವರಲ್ಲಿ ಮೊದಲಿಗರು ಕೇಳುವವರೇ. ಕ್ಷೇತ್ರಕಾರ್ಯದ ಹುಡುಗರಿಗೆ ಹನ್ನೊಂದು ತಿಂಗಳ ಕರಾರು. ಅವರು ಊರಿನ ಓಣಿ, ಬೀಗತನ, ಜಗಳ ಎಲ್ಲ ಕಲಿತು ಗಟ್ಟಿಯಾಗುವ ಹೊತ್ತಿಗೆ ಪಿಡಿಒ ಪರೀಕ್ಷೆಗೋ ಬ್ಯಾಂಕಿನ ಪರೀಕ್ಷೆಗೋ ಹೋಗುತ್ತಾರೆ, ಹೋಗಲೇಬೇಕು. ಹೊಸಬ ಬಂದು ಮತ್ತೆ “ನಿಮ್ಮ ಹೆಸರೇನ್ರಿ?” ಎನ್ನುತ್ತಾನೆ. ನಾಲ್ಕು ವರ್ಷ ತನ್ನ ಸಾಲ, ಬೇನೆ, ಮಗಳ ಮದುವೆಯ ಖರ್ಚು ಎಲ್ಲ ಹೇಳಿಕೊಂಡವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ? ಇನ್ನು ಯೋಜನೆಯ ಅನುದಾನವೇ ಮುಗಿದರೆ ಹೇಳಿಹೋಗುವ ಸೌಜನ್ಯವೂ ಇರುವುದಿಲ್ಲ. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ 2009ರಲ್ಲಿ ವಿಸ್ತಾರವಾದ ಆ ಕೆಲಸದ ಅವಧಿ 2014ರ ತನಕದ್ದು. ಹಾಗೆಂದು ಅದನ್ನು ಹಳಿಯಲಾರೆ, ಇಷ್ಟು ಕಾಲ ಹಿಡಿದು ನಿಂತವರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಆದರೆ ಐದು ವರ್ಷದ ಹಣದಲ್ಲಿ ಐವತ್ತು ವರ್ಷದ ಪ್ರಶ್ನೆ ಕೇಳುವ ಈ ಪದ್ಧತಿಯಲ್ಲಿ ಜನರ ತಪ್ಪು ಹುಡುಕುವುದು ನ್ಯಾಯವಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಆ ಹಳ್ಳಿಗಳ ಮಾಹಿತಿಯನ್ನು, ಮನೆಯವರ ಹೆಸರು ತೆಗೆದು, ಇಕ್ರಿಸ್ಯಾಟ್ ಸಂಶೋಧಕರಿಗೆ ತೆರೆದಿಟ್ಟಿದೆ. ಮಾರ್ಕಬ್ಬಿನಹಳ್ಳಿ, ಕಪನಿಂಬರಗಿಯ ಲೆಕ್ಕವೂ ಅದರಲ್ಲಿದೆ. ಅದಾದ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ಹೊಲಗಳಿಗೆ ಏತ ನೀರಾವರಿಯ ನೀರು ಬಂದಿದೆ. ಎಷ್ಟೋ ಕಡೆ ಇನ್ನೂ ಬರಬೇಕು. ನೀರು ಬಂದ ಮೇಲಿನದನ್ನು ಯಾರಾದರೂ ಬರೆದಾರು, ಬರುವ ಮುಂಚಿನದನ್ನು ಈಗಲೇ ಬರೆದಿಡಬೇಕು. ಎಂ.ಎ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ನಿಮ್ಮ ಓಣಿಯ ಹತ್ತು ಮನೆಗಳಿಂದ ಶುರುಮಾಡಿ, ಅದರಲ್ಲಿ ಮೂರಾದರೂ ವರ್ಷದಲ್ಲಿ ಆರು ತಿಂಗಳು ಬೀಗ ಬೀಳುವ ಮನೆಗಳಿರಲಿ. ಪದವಿ ಸಿಕ್ಕ ಮೇಲೆ ವಹಿಯನ್ನು ಅಟ್ಟಕ್ಕೆ ಹಾಕದೆ, ಅದೇ ಓಣಿಯಲ್ಲಿ ನಿಮ್ಮ ಹಿಂದೆ ಓದುತ್ತಿರುವ ಹುಡುಗಿಯ ಕೈಗೆ ಕೊಟ್ಟು, ಅವಳನ್ನು ಹತ್ತೂ ಮನೆಗೆ ಕರೆದುಕೊಂಡು ಹೋಗಿ ಗುರುತು ಮಾಡಿಸಿ ಬನ್ನಿ.