ಒಂದು ಮೈದಾನಕ್ಕೆ ಎಷ್ಟು ತೆಂಗಿನಮರ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟ ಎಷ್ಟು ದೊಡ್ಡದು ಎಂದು ಕೇಳಿದರೆ ಎಷ್ಟೋ ಜನ ಮರಗಳ ಲೆಕ್ಕವನ್ನೇ ಹೇಳುತ್ತಾರೆ. ಆಟದ ಮೈದಾನವನ್ನೂ ಇವತ್ತು ಹಾಗೆಯೇ ಅಳೆಯೋಣ.

ಮರದಿಂದ ಮರಕ್ಕೆ 30 ಅಡಿ ಬಿಟ್ಟರೆ ಎಕರೆಗೆ 48 ಸಸಿ ಕೂರುತ್ತವೆ. ಎಂಟು ಲೇನಿನ 400 ಮೀಟರ್ ಓಟದ ಟ್ರ್ಯಾಕಿಗೆ ಸುಮಾರು ನಾಲ್ಕು ಎಕರೆ ಬೇಕು. ಅಲ್ಲಿಗೆ ಹತ್ತಿರ ಹತ್ತಿರ 200 ಮರ ಹೋದವು. ಗ್ಯಾಲರಿಯ ಜಾಗ ಬೇರೆ. ಫಸಲು ಕೊಡುವ ತೋಟವನ್ನು ಅಷ್ಟಕ್ಕೆ ಬಿಡುವವರು ಯಾರು? ತಿಪಟೂರಿನ ಕಲ್ಪತರು ಕ್ರೀಡಾಂಗಣದಂಥ ಬಯಲು ಇಲ್ಲಿ ಅಪರೂಪವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಖೊಖೊ ತಗೊಳ್ಳಿ. ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಸುತ್ತಲಿನ ಅಂಚು ಸೇರಿಸಿದರೂ ಏಳು ಮರದ ನೆಲ. ಎರಡು ಕಂಬ ನೆಟ್ಟು, ನಡುವೆ ಎಂಟು ಚೌಕ ಗೀಚಿದರೆ ಆಟ ಶುರು. ಗಂಡಸರ ಕಬಡ್ಡಿಗೆ 13ಕ್ಕೆ 10 ಮೀಟರ್, ಎರಡು ಮರವೂ ಬೇಡ. ತೋಟದ ಸೀಮೆಗೆ ಹೇಳಿ ಮಾಡಿಸಿದ ಆಟಗಳಿವು ಎಂದೇ ನನ್ನ ಎಣಿಕೆ.

ಇಷ್ಟು ಸಣ್ಣ ನೆಲದಿಂದ ಹೆಸರು ಬಂದೀತೇ ಎನ್ನುವವರು ಮೈಸೂರು ಜಿಲ್ಲೆಯ ಕುರುಬೂರನ್ನು ನೋಡಬೇಕು. ತಿ. ನರಸೀಪುರ ತಾಲ್ಲೂಕಿನ ಆ ಊರಿನ ಬಿ. ಚೈತ್ರಾ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳದ ಎದುರು ಅಂಕ 78–40. ಕೊಡಗಿನ ದಾರಿ ಇನ್ನೊಂದು. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಕಾಯಂ ಕ್ರೀಡಾಂಗಣವೇ ಇಲ್ಲ. ವರ್ಷಕ್ಕೊಂದು ಕುಟುಂಬ ಹೊಣೆ ಹೊರುತ್ತದೆ, ಊರು ಬದಲಾಗುತ್ತದೆ. 2024ರಲ್ಲಿ ನಾಪೋಕ್ಲುವಿಗೆ 360 ತಂಡಗಳು ಬಂದವು.

ಹಾಗೆಂದು ಮಣ್ಣಿನ ಅಂಕಣವೊಂದೇ ಸಾಲದು. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲಂತೂ ದೊಡ್ಡ ಪಂದ್ಯಗಳೆಲ್ಲ ಮ್ಯಾಟ್ ಮೇಲೆಯೇ. ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತ ಹುಡುಗ ಶೂ ಹಾಕಿ ಮ್ಯಾಟಿಗೆ ಇಳಿದರೆ ಕಾಲಿನ ಹಿಡಿತವೇ ಬೇರೆ, ತಿರುಗುವ ವೇಗವೇ ಬೇರೆ. ಆಯ್ಕೆ ಪಂದ್ಯದ ದಿನವೇ ಅದನ್ನು ಮೊದಲು ಮೆಟ್ಟಿದರೆ ಗತಿಯೇನು? ನನ್ನನ್ನು ಕೇಳಿದರೆ, ಹೊಸ ಗ್ಯಾಲರಿ ಕಟ್ಟುವ ದುಡ್ಡಿನಲ್ಲಿ ಮೂರೂ ತಾಲ್ಲೂಕಿಗೆ ಒಂದೊಂದು ಮ್ಯಾಟ್ ಕೊಳ್ಳಬೇಕು. ಅದರ ಮೇಲೊಂದು ಶೀಟಿನ ಮಾಡು, ನಾಲ್ಕು ದೀಪ. ಬೀಗದ ಕೈ ಮಾತ್ರ ಕಚೇರಿಯ ಬೀರುವಿನಲ್ಲಿರದೆ ತರಬೇತುದಾರರ ಜೇಬಿನಲ್ಲಿರಲಿ.