ಒಂದೇ ಕೆಲಸ, ಒಂದೇ ಕೂಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದು ಹೆಡ್‌ಮಾಸ್ಟರ್ ಸರ್ ಹೇಳಿದ್ದರು. ನಾನು ಕೂಲಿಯ ಬಗ್ಗೆ ಎರಡು ಮಾತು ಹೇಳುತ್ತೇನೆ.

ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಬೇಕೇ ಎಂದು ಕೇಳಿದರೆ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಬೇಡ ಎನ್ನುವವರು ಕಡಿಮೆ. ಆದರೆ ತೊಗರಿ ಕೊಯ್ಲಿಗೆ ಆಳು ಕರೆಯುವಾಗ ಎರಡು ದರ. ಬಾಯಲ್ಲಿರುವ ಮಾತು ಹೊಲಕ್ಕೆ ಬರುವುದಿಲ್ಲ.

ಕಾರಣ ಕೇಳಿದರೆ ಮೂರು ಉತ್ತರ ಬರುತ್ತವೆ. ಗಂಡಾಳು ಭಾರ ಎತ್ತುತ್ತಾನೆ ಎನ್ನುವುದು ಮೊದಲನೆಯದು. ಚೀಲ ಎತ್ತುವುದಕ್ಕೆ ಬೇರೆ ದರ ಇರಲಿ. ಒಂದೇ ಸಾಲಿನಲ್ಲಿ ಕುಡಗೋಲು ಹಿಡಿದವರಿಗೆ ಎರಡು ದರ ಏಕೆ? ದಿನವಿಡೀ ಬಗ್ಗಿ ಕಳೆ ತೆಗೆಯುವುದು ಹಗುರ ಕೆಲಸವೇ? ಶಹಾಬಾದ್ ಕಲ್ಲಿನ ಕೆಲಸಕ್ಕೂ ಇದೇ ಮಾತು.

ಮನೆ ನಡೆಸುವವನು ಗಂಡಸು ಎನ್ನುವುದು ಎರಡನೆಯದು. ಗಂಡನಿಲ್ಲದೆ ಮಕ್ಕಳನ್ನು ಈ ಶಾಲೆಗೆ ಕಳಿಸಿದ ತಾಯಂದಿರು ಇಲ್ಲಿಯೇ ಕುಳಿತಿದ್ದಾರೆ.

ತೊಗರಿಗೆ ದರ ಸಿಗದಾಗ ನಾನೊಬ್ಬನೇ ಹೆಚ್ಚು ಕೊಡಲೇ ಎಂದು ರೈತರು ಕೇಳುತ್ತಾರೆ. ಈ ಕಷ್ಟ ನಿಜ. ಅದಕ್ಕೇ ಇದು ಒಬ್ಬರಿಂದಾಗುವ ಕೆಲಸವಲ್ಲ.

1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್ ದೇಶದ ನೂರಕ್ಕೆ ಸುಮಾರು 90 ಹೆಣ್ಣುಮಕ್ಕಳು ಒಂದು ದಿನ ಮನೆಗೆಲಸ, ಹೊರಗಿನ ಕೆಲಸ ಎರಡನ್ನೂ ಬಿಟ್ಟರು. ಮರುವರ್ಷ ಅಲ್ಲಿ ಸಮಾನತೆಯ ಕಾಯ್ದೆ ಬಂತು. ಅದೇ 1976ರಲ್ಲಿ ನಮ್ಮಲ್ಲೂ ಸಮಾನ ವೇತನ ಕಾಯ್ದೆ ಬಂತು. ಅಲ್ಲಿ ಜನರೇ ಕೇಳಿ ಪಡೆದರು. ನಮ್ಮೂರಿಗೆ ಕಾಯ್ದೆ ಬಂದ ಸುದ್ದಿಯೇ ಮುಟ್ಟಲಿಲ್ಲ.

ನಮ್ಮಲ್ಲಿ ಆಗದ ಮಾತೇನೂ ಅಲ್ಲ. ನರೇಗಾ ಕೆಲಸಕ್ಕೆ 2024-25ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 349 ರೂಪಾಯಿ ಇತ್ತು, ಹೆಣ್ಣಿಗೂ ಗಂಡಿಗೂ ಅಷ್ಟೇ. ಅದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ.

ನಮ್ಮ ಸಾಫ್ಟ್‌ವೇರ್‌ನವರೇನೂ ದೊಡ್ಡವರಲ್ಲ. ಕಾಲೇಜಿನಿಂದ ಸೇರುವಾಗ ಸಂಬಳ ಒಂದೇ. ಹೆರಿಗೆಗೆ ರಜೆ ಹಾಕಿದವಳ ಬಡ್ತಿ ಹಿಂದೆ ಬೀಳುತ್ತದೆ. ಮುಂದಿನ ಕಂಪನಿ ಹಳೆಯ ಸಂಬಳ ನೋಡಿಯೇ ಹೊಸದನ್ನು ಕಟ್ಟುತ್ತದೆ. ಒಮ್ಮೆ ಬಿದ್ದ ಅಂತರ ಜೊತೆಗೇ ಬರುತ್ತದೆ.

ಈ ಶಾಲೆಯಲ್ಲಿ ಒಂದೇ ಉತ್ತರಕ್ಕೆ ಹುಡುಗನಿಗೆ ಹತ್ತು, ಹುಡುಗಿಗೆ ಏಳು ಅಂಕ ಕೊಟ್ಟಿದ್ದರೆ ಊರು ಸುಮ್ಮನಿರುತ್ತಿತ್ತೇ?

ನನ್ನ ಬೇಡಿಕೆ ಒಂದೇ. ಹೊಲ ಇರುವ ಹಳೆಯ ವಿದ್ಯಾರ್ಥಿಗಳೆಲ್ಲ ಕೊಯ್ಲಿಗೆ ಮೊದಲು ಸೇರೋಣ. ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಪ್ರತಿ ಕೆಲಸಕ್ಕೆ ಒಂದೇ ದರ ಗೊತ್ತುಮಾಡೋಣ. ದರ ಕೆಲಸಕ್ಕಿರಲಿ, ಆಳಿಗಲ್ಲ.