ತಾಂಡಾದ ಮನೆತನಗಳು ಮತ್ತು ಕಾಗದವಿಲ್ಲದ ವಂಶಾವಳಿ

ಗಜೇಂದ್ರಗಡದ ಘೋರ್ಪಡೆಯವರಂಥ, ನರಗುಂದದ ಭಾವೆಯವರಂಥ ಸಂಸ್ಥಾನಿಕ ಮನೆತನಗಳ ಚರಿತ್ರೆಯನ್ನು ಅರಸುವವರಿಗೆ ದಫ್ತರಗಳು ನೆರವಾಗುತ್ತವೆ; ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರಿಗೆ ದತ್ತಕದ ಅನುಮತಿಯನ್ನು ಕಂಪನಿ ಸರಕಾರ ನಿರಾಕರಿಸಿದ್ದು 1858ರ ಬಂಡಾಯದ ಕಾರಣಗಳಲ್ಲೊಂದಾದ್ದರಿಂದ, ಅಲ್ಲಿ ವಂಶದ ಪ್ರಶ್ನೆಯೇ ರಾಜಕೀಯ ದಾಖಲೆಯಾಯಿತು. ಒಕ್ಕಲು ಮನೆತನಗಳ ಪೀಳಿಗೆಗಳನ್ನು ಹೆಳವರು, ಅಂದರೆ ಊರೂರು ತಿರುಗಿ ವಂಶಾವಳಿ ಹೇಳಿ ಕಾಳುಕಡಿ ಪಡೆಯುವ ಸಮುದಾಯದವರು, ಕಾಯ್ದುಕೊಂಡು ಬಂದರು. ಈ ಎರಡೂ ಆಸರೆ ಇಲ್ಲದೆ ಉಳಿದವರೆಂದರೆ ರೋಣ, ಗಜೇಂದ್ರಗಡ ಭಾಗದ ತಾಂಡಾಗಳ ಲಂಬಾಣಿಗರು.

ರಾಜಸ್ಥಾನವನ್ನು ತಮ್ಮ ಮೂಲವೆಂದು ಹೇಳಿಕೊಳ್ಳುವ ಇವರು 17ನೆಯ ಶತಮಾನದಲ್ಲಿ ಮೊಗಲ ಸೈನ್ಯಗಳಿಗೆ ಧಾನ್ಯ ಸಾಗಿಸುತ್ತ ದಖ್ಖನಿಗೆ ಬಂದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರ. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೂ ಇವರ ಎತ್ತುಗಳೇ ಕಾಳು ಮುಟ್ಟಿಸಿದವು; ಆದರೆ ಇಂಥ ದಂಡಯಾತ್ರೆಗಳ ಬಗೆಗಿನ ಬರಹಗಳಲ್ಲಿ ಎತ್ತುಗಳ ಲೆಕ್ಕ ಸಿಕ್ಕಷ್ಟು ಸುಲಭವಾಗಿ ಅವನ್ನು ಹೊಡೆದವರ ಹೆಸರು ಸಿಗುವುದಿಲ್ಲ. 1884ರಲ್ಲಿ ಹೋಟಗಿ–ಗದಗ ರೈಲುಮಾರ್ಗ ಪೂರ್ಣಗೊಳ್ಳುವ ಹೊತ್ತಿಗೆ ಹೇರೆತ್ತಿನ ವ್ಯಾಪಾರ ಇಳಿಮುಖವಾಗಿತ್ತು.

ಬರಹವಿಲ್ಲದಿದ್ದರೂ ನೆನಪಿಗೆ ಒಂದು ಕಟ್ಟುನಿಟ್ಟು ಇತ್ತು. ರಾಠೋಡ, ಪಮಾರ, ಚವ್ಹಾಣ, ವಡತ್ಯಾ ಎಂಬ ಮುಖ್ಯ ಗೋತ್ರಗಳೂ ಅವುಗಳ ಒಳಶಾಖೆಗಳೂ ಹೆಣ್ಣು ತರುವಾಗ, ಕೊಡುವಾಗ ಹಿರಿಯರ ಬಾಯಲ್ಲಿ ಬರಲೇಬೇಕು, ಏಕೆಂದರೆ ಒಂದೇ ಗೋತ್ರದಲ್ಲಿ ನಂಟಸ್ತನ ನಿಷಿದ್ಧ. ಢಾಡಿಗಳೆಂಬ ಗಾಯಕರು ತಂತಿವಾದ್ಯ ನುಡಿಸುತ್ತ ಕುಲದ ಹಿರಿಯರನ್ನು ಹಾಡಿ ಕಾಣಿಕೆ ಪಡೆಯುತ್ತಿದ್ದರು. ಹೀಗೆ ಮದುವೆಯ ಮಾತುಕತೆಯೇ ಇವರ ಪಾಲಿಗೆ ದಫ್ತರವಾಗಿತ್ತೆನ್ನಬಹುದು, ಆದರೆ ತವರಿನ ಗೋತ್ರ ನೆನಪಿನಲ್ಲಿ ಉಳಿದಷ್ಟು ಹೆಣ್ಣುಮಕ್ಕಳ ಹೆಸರುಗಳು ಉಳಿಯಲಿಲ್ಲ.

ಶಾಲೆಯ ದಾಖಲಾತಿ ಬಂದ ಮೇಲೆ ಹೊಸ ತೊಡಕು ಹುಟ್ಟಿತು. ಪಮಾರರು ಪವಾರರೆಂದೂ ವಡತ್ಯಾದವರು ಜಾಧವರೆಂದೂ ಬರೆಸಿಕೊಳ್ಳುವುದು ರೂಢಿಗೆ ಬಂತು. ಇವೇ ಅಡ್ಡಹೆಸರುಗಳು ಮರಾಠಾ ಮನೆತನಗಳಲ್ಲೂ ಇರುವುದರಿಂದ, ಹೆಸರೊಂದನ್ನೇ ನಂಬಿ ಹುಡುಕುವವನು ಬೇರೆಯದೇ ವಂಶಕ್ಕೆ ಹೋಗಿ ಮುಟ್ಟುವುದುಂಟು. ತಾಂಡಾಕ್ಕೆ ಅದರ ನಾಯಕನ, ಅಂದರೆ ಮುಖ್ಯಸ್ಥನ, ಹೆಸರಿಡುವ ವಾಡಿಕೆಯೂ ಇರುವುದರಿಂದ ಊರಿನ ಹೆಸರನ್ನು ಹಿಡಿದು ಹುಡುಕುವುದೂ ಸುಲಭವಲ್ಲ. 1976ರ ತಿದ್ದುಪಡಿ ಕಾಯ್ದೆ 1977ರಲ್ಲಿ ಜಾರಿಯಾಗಿ, ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದ ಪ್ರದೇಶದ ಕಟ್ಟುಪಾಡು ಸಡಿಲಾಗಿ ಮುಂಬಯಿ ಕರ್ನಾಟಕದ ಲಂಬಾಣಿಗರೂ ಅದರ ವ್ಯಾಪ್ತಿಗೆ ಬಂದ ಮೇಲೆ, ತಂದೆಯ, ಅಜ್ಜನ ಶಾಲಾ ದಾಖಲೆಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಅಜ್ಜನೇ ಶಾಲೆಯ ಮೆಟ್ಟಿಲು ಹತ್ತದ ಮನೆಯಲ್ಲಿ ಅಂಥ ಕಾಗದ ಎಲ್ಲಿಂದ ಬರಬೇಕು? ದುಡಿಯಲು ಗೋವೆಗೆ ಹೋಗಿ ನೆಲೆಸಿದ ಕುಟುಂಬಗಳ ಮಕ್ಕಳ ಹೆಸರುಗಳು ಅಲ್ಲಿನ ಶಾಲೆಗಳಲ್ಲಿದ್ದರೆ, ಗೋತ್ರ ಬಲ್ಲ ಹಿರಿಯರು ಇಲ್ಲಿಯ ತಾಂಡಾಗಳಲ್ಲೇ ಉಳಿದಿದ್ದಾರೆ.